ಹತ್ತು ಸಾವಿರ ಲೀಟರಿನ ಲೆಕ್ಕ

ಕೊಪ್ಪಳದಲ್ಲಿ ಮನೆ ಕಟ್ಟಿಸಲು ಹೊರಟವರು ಪಾಯಕ್ಕಿಂತ ಮೊದಲು ಸಂಪು ತೋಡಿಸುತ್ತಾರೆ. ಗೋಡೆಗೆ ಕ್ಯೂರಿಂಗ್ ಮಾಡಲು ಟ್ಯಾಂಕರ್ ತರಿಸಬೇಕು, ಟ್ಯಾಂಕರಿನ ನೀರು ಸುರಿಯಲು ಗುಂಡಿ ಬೇಕು. ಗೃಹಪ್ರವೇಶದ ಹೊತ್ತಿಗೆ ಅದೇ ಗುಂಡಿಗೆ ನಳದ ನೀರೂ ಬೋರಿನ ನೀರೂ ಬಂದು ಕೂಡಿಕೊಳ್ಳುತ್ತವೆ. ಮಾಳಿಗೆಯ ಮೇಲೊಂದು ಕಪ್ಪು ಸಿಂಟೆಕ್ಸ್, ಬಚ್ಚಲ ಪಕ್ಕ ಸಿಮೆಂಟ್ ತೊಟ್ಟಿ, ಅಡುಗೆಮನೆಯಲ್ಲಿ ಸಾಲು ಕೊಡಗಳು, ಬಾಗಿಲ ಹಿಂದೆ 20 ಲೀಟರಿನ ಕ್ಯಾನು. ಗಂಗಾವತಿಯಿಂದ ಕುಷ್ಟಗಿಯವರೆಗೆ ಯಾವ ಮನೆ ಹೊಕ್ಕರೂ ಹೆಚ್ಚುಕಡಿಮೆ ಇದೇ ನೋಟ. ಪಾತ್ರೆಗಳಿಗೇನೂ ಕೊರತೆಯಿಲ್ಲ. ಯಾವ ನೀರು ಯಾವ ಪಾತ್ರೆಗೆ, ಎಷ್ಟು ದಿನಕ್ಕೆ ಎಂಬ ಲೆಕ್ಕ ಮಾತ್ರ ಎಲ್ಲೂ ಕಾಣುವುದಿಲ್ಲ.

ಈ ಲೆಕ್ಕವನ್ನು ಪಕ್ಕಾ ಮಾಡಿ ತೋರಿಸಿದ ಮನೆಯೊಂದು ಬೆಂಗಳೂರಿನ ವಿಜಯನಗರದಲ್ಲಿದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ 1990ರ ದಶಕದ ನಡುವಿನಲ್ಲಿ ಕಟ್ಟಿಸಿದ ‘ಸೌರಭ’ ಜಲಮಂಡಳಿಯ ಸಂಪರ್ಕವನ್ನೇ ಪಡೆಯದೆ ಮಳೆನೀರಿನಲ್ಲಿ ನಡೆದುಕೊಂಡು ಬಂದಿದೆ. ಅವರ ಸೂತ್ರ ಸರಳ. ಮನೆಗೆ ದಿನಕ್ಕೆ 400 ಲೀಟರ್ ಬೇಕು. ಮಳೆಯ ಹಳೆಯ ದಾಖಲೆಗಳ ಪ್ರಕಾರ ಬೆಂಗಳೂರಿನಲ್ಲಿ ಎರಡು ಒಳ್ಳೆಯ ಮಳೆಗಳ ನಡುವಿನ ಅಂತರ 90ರಿಂದ 100 ದಿನ. ಹಾಗಾಗಿ 45 ಸಾವಿರ ಲೀಟರ್ ಹಿಡಿಸುವ ತೊಟ್ಟಿಗಳಿದ್ದರೆ ಸಾಕು. ನಾಡಿನ ಉದ್ದಗಲಕ್ಕೂ ಸ್ವಾವಲಂಬಿ ಮನೆಯ ಮಾತು ಬಂದಾಗಲೆಲ್ಲ ಈ ಮನೆಯ ಉದಾಹರಣೆ ಬರುತ್ತದೆ. ಬರಬೇಕಾದ್ದೇ. ಆದರೆ ಅದನ್ನು ಹಾಗೆಯೇ ಎತ್ತಿ ಯಲಬುರ್ಗಾದಲ್ಲಿ ಇಟ್ಟರೆ ನಿಲ್ಲುವುದಿಲ್ಲ.

ಕೊಪ್ಪಳ ಜಿಲ್ಲೆಯ ವಾಡಿಕೆ ಮಳೆ 600 ಮಿಲಿಮೀಟರಿನ ಆಸುಪಾಸು; ಬೆಂಗಳೂರಿಗೆ ಬೀಳುವುದರ ಮೂರನೆಯ ಎರಡು ಪಾಲೂ ಆಗಲಾರದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಮೂವತ್ತು-ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆಗೆ 80 ಚದರ ಮೀಟರ್ ಆರ್‌ಸಿಸಿ ಮಾಳಿಗೆ ಇದೆ ಎಂದುಕೊಳ್ಳೋಣ. ಮಳೆಯನ್ನು 550 ಮಿಲಿಮೀಟರಿಗೆ ಹಿಡಿದು, ಆರಿ ಸೋರಿ ಹೋಗುವ ಐದನೆಯ ಒಂದು ಪಾಲು ಕಳೆದರೆ ಕೈಗೆ ಸಿಗುವುದು ವರ್ಷಕ್ಕೆ 35 ಸಾವಿರ ಲೀಟರ್. ದಿನಕ್ಕೆ 400 ಲೀಟರ್ ಬಳಸುವ ಐದು ಜನರ ಮನೆಗೆ ವರ್ಷಕ್ಕೆ ಬೇಕಾದದ್ದು 1 ಲಕ್ಷ 46 ಸಾವಿರ ಲೀಟರ್. ಎಷ್ಟೇ ದೊಡ್ಡ ತೊಟ್ಟಿ ಕಟ್ಟಿದರೂ ಮುಕ್ಕಾಲು ಪಾಲು ನೀರು ಬೇರೆ ಕಡೆಯಿಂದಲೇ ಬರಬೇಕು. ಇಷ್ಟಕ್ಕೆ ನಿರಾಶರಾಗಿ ಮಳೆನೀರಿನ ಸಹವಾಸವೇ ಬೇಡವೆಂದು ಕೈಬಿಟ್ಟವರು ಬಹಳ ಜನ. ಅವರ ಲೆಕ್ಕ ಸರಿ, ತೀರ್ಮಾನ ತಪ್ಪು.

ಯಾಕೆಂದರೆ ಇಲ್ಲಿ ಕೊರತೆಯಿರುವುದು ಬರೀ ನೀರಿಗಲ್ಲ, ಬಾಯಿಗೆ ಹಾಕಿಕೊಳ್ಳುವ ನೀರಿಗೆ. ಕುಷ್ಟಗಿ, ಯಲಬುರ್ಗಾದ ಅನೇಕ ಊರುಗಳ ಬೋರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ಮೂಲವೇ ಇಲ್ಲದ ಪಕ್ಷದಲ್ಲಿ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ ಸಂಸ್ಥೆ. ಕಲ್ಲಿನ ಪದರಗಳಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಖನಿಜದಿಂದ ಫ್ಲೋರೈಡ್ ಬಿಟ್ಟುಕೊಳ್ಳುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡಿಸುವುದು, ವಯಸ್ಸಾದವರ ಮೊಣಕಾಲು ಸೊಂಟ ಹಿಡಿಸುವುದು ಇದೇ. ಕುದಿಸಿದರೆ ಹೋದೀತು ಎಂಬ ನಂಬಿಕೆ ಇನ್ನೂ ಇದೆ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಉಳಿದದ್ದರಲ್ಲಿ ಫ್ಲೋರೈಡಿನ ಪ್ರಮಾಣ ಏರುತ್ತದೆ. ಮಳೆನೀರಿನಲ್ಲಿ ಮಾತ್ರ ಅದು ಇಲ್ಲವೆನ್ನುವಷ್ಟು ಕಡಿಮೆ.

ಕುಡಿಯಲು ಮತ್ತು ಅಡುಗೆಗೆ ತಲೆಗೆ 7 ಲೀಟರ್ ಹಿಡಿದರೆ ಐದು ಜನರಿಗೆ ದಿನಕ್ಕೆ 35, ವರ್ಷಕ್ಕೆ 12,775 ಲೀಟರ್. ಮಳೆ 300 ಮಿಲಿಮೀಟರಿಗೆ ಇಳಿದ ಕೆಟ್ಟ ವರ್ಷದಲ್ಲೂ ಅದೇ 80 ಚದರ ಮೀಟರ್ ಮಾಳಿಗೆಯಿಂದ 19 ಸಾವಿರ ಲೀಟರ್ ಇಳಿಯುತ್ತದೆ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದ 2023ರಂಥ ವರ್ಷ ಮತ್ತೆ ಬಂದರೂ ಈ ಲೆಕ್ಕ ಅಲುಗುವ ಸಂಭವ ಕಡಿಮೆ. ಚಿತ್ತಿ ಮಳೆ ಮುಗಿದ ಅಕ್ಟೋಬರ್ ಕೊನೆಯಿಂದ ಮಿರಗದ ಮಳೆ ಬೀಳುವ ಜೂನ್‌ವರೆಗೆ ಸುಮಾರು 220 ದಿನ. ಆ ದಿನಗಳಿಗೆ ಬೇಕಾದದ್ದು 7,700 ಲೀಟರ್. ನೆಂಟರಿಷ್ಟರು, ಮಳೆ ತಡವಾಗುವುದು ಎಲ್ಲ ಸೇರಿಸಿ 10 ಸಾವಿರ ಎನ್ನಿ. ಎರಡೂವರೆ ಮೀಟರ್ ಅಡ್ಡಗಲ, ಎರಡು ಮೀಟರ್ ಎತ್ತರದ ದುಂಡನೆಯ ತೊಟ್ಟಿಯಲ್ಲಿ ಅಷ್ಟು ನೀರು ಹಿಡಿಸುತ್ತದೆ. ಈ ಜಿಲ್ಲೆಯಲ್ಲಿ ಸ್ವಾವಲಂಬಿ ಮನೆ ಎನ್ನುವುದಕ್ಕೆ ಅರ್ಥ ಇರುವುದಾದರೆ ಈ ಅಳತೆಯಲ್ಲಿ ಇದೆ. ಪಕ್ಕದ ಗದಗ ಜಿಲ್ಲೆಯ ಮುಂಡರಗಿಯಲ್ಲಿ, ದೂರದ ಪಾವಗಡ, ಬಾಗೇಪಲ್ಲಿಗಳಲ್ಲಿ ಬೈಫ್ ಸಂಸ್ಥೆಯವರು ‘ಸಚೇತನ’ ಯೋಜನೆಯಡಿ ಫ್ಲೋರೈಡ್ ಊರುಗಳ ಮನೆಮನೆಗೆ ಚಾವಣಿ ನೀರಿನ ತೊಟ್ಟಿ ಕಟ್ಟಿಸಿದಾಗ ಹಿಡಿದದ್ದೂ ಇದೇ ದಾರಿ: ಬಳಕೆಯ ನೀರು ಬೋರಿನಿಂದ ಬರಲಿ, ಬಾಯಿಯ ನೀರು ಮುಗಿಲಿಂದ ಬರಲಿ.

ಇನ್ನು ತೊಟ್ಟಿ ಎಲ್ಲಿ ಕಟ್ಟಬೇಕು? ಕೇಳಿದರೆ ಮೇಸ್ತ್ರಿಗಳ ಬಾಯಲ್ಲಿ ಬರುವ ಉತ್ತರ ಒಂದೇ, ‘ನೆಲದಾಗ’. ಮೇಲೆ ಚಪ್ಪಡಿ ಹಾಕಿದರೆ ಕಾರೋ ಬೈಕೋ ನಿಲ್ಲಿಸಬಹುದು, ಅಂಗಳದ ಜಾಗ ಉಳಿಯುತ್ತದೆ. ಆದರೆ ಈ ಸೀಮೆಯ ಮಣ್ಣು ಆ ಉತ್ತರವನ್ನು ಒಪ್ಪುವುದಿಲ್ಲ. ಯಲಬುರ್ಗಾದ ಎರಿ ಹೊಲಗಳನ್ನು ಬೇಸಿಗೆಯಲ್ಲಿ ನೋಡಬೇಕು, ಕೈ ತೂರುವಷ್ಟು ಅಗಲಕ್ಕೆ ನೆಲ ಬಾಯಿ ಬಿಟ್ಟಿರುತ್ತದೆ. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಆ ಮಣ್ಣಿನ ನಡುವೆ ಬರೀ ಇಟ್ಟಿಗೆಯಲ್ಲಿ ಕಟ್ಟಿದ ಸಂಪು ಎರಡು ಮಳೆಗಾಲ ಕಂಡ ಮೇಲೆ ಸೀಳು ಬಿಟ್ಟರೆ ಆಶ್ಚರ್ಯವಿಲ್ಲ. ಸೀಳಿನಿಂದ ಒಳಗಿನ ನೀರು ಹೊರಗೆ ಹೋದರೆ ಅದು ಬರೀ ನಷ್ಟ. ಹೊರಗಿನದು ಒಳಗೆ ಬಂದರೆ, ಅದರಲ್ಲೂ ಪಾಯಖಾನೆಯ ಗುಂಡಿ ಹತ್ತಿರವಿದ್ದರೆ, ರೋಗ. ನೆಲದಲ್ಲೇ ಬೇಕೆನ್ನುವವರು ಗುಂಡಿಯನ್ನು ಅಗಲವಾಗಿ ತೋಡಿ, ಕಾಂಕ್ರೀಟ್ ಗೋಡೆಯ ಸುತ್ತ ಗರಸು ತುಂಬಿಸಬೇಕು, ಖರ್ಚು ಏರುತ್ತದೆ. ಗಂಗಾವತಿಯ ಕಾಲುವೆ ಸೀಮೆಯದು ಇದಕ್ಕೆ ತಿರುಗುಮುರುಗು. ಅಲ್ಲಿ ಭತ್ತದ ಗದ್ದೆಗೆ ನೀರು ಬಿಟ್ಟಾಗ ಅಂತರ್ಜಲ ಎಷ್ಟು ಮೇಲೇರುತ್ತದೆಂದರೆ, ತೊಳೆಯಲೆಂದು ಖಾಲಿ ಮಾಡಿದ ಸಂಪನ್ನು ಕೆಳಗಿನ ನೀರೇ ಮೇಲಕ್ಕೆತ್ತಿ ತಳ ಒಡೆಯುವ ಭಯ. ಕುಷ್ಟಗಿಯ ಮಸಾರಿ ನೆಲದಲ್ಲಿ ಸ್ವಲ್ಪ ಅಗೆಯುವಷ್ಟರಲ್ಲಿ ಬಂಡೆ ಸಿಗುತ್ತದೆ. ಮೂರೂ ಕಡೆ ನೆಲದ ಮೇಲಿನ ತೊಟ್ಟಿಯೇ ಸರಿಯೆಂದು ಕಾಣುತ್ತದೆ. ಕೋಳಿ ಜಾಲರಿ ಮತ್ತು ಸಿಮೆಂಟ್ ಗಾರೆಯಿಂದ ಕಟ್ಟುವ ಫೆರೊಸಿಮೆಂಟ್ ತೊಟ್ಟಿಗೆ ದಪ್ಪ ಗೋಡೆ ಬೇಕಿಲ್ಲ, ಪ್ಲಾಸ್ಟರ್ ಬಲ್ಲ ಗೌಂಡಿ ಒಮ್ಮೆ ನೋಡಿದರೆ ಕಲಿಯಬಲ್ಲ. ಸೋರಿದರೆ ಕಣ್ಣಿಗೆ ಬೀಳುತ್ತದೆ. ನಳ ತಿರುಗಿಸಿದರೆ ಕೊಡ ತುಂಬುತ್ತದೆ, ಕರೆಂಟಿಗೆ ಕಾಯಬೇಕಿಲ್ಲ. ಅಂಗಳದ ಅಂದ ಕೆಡುತ್ತದೆ ಎಂಬ ಆಕ್ಷೇಪಕ್ಕೆ ಉತ್ತರವಿಲ್ಲ, ಕೆಡುತ್ತದೆ, ನಿಜ.

ಕಟ್ಟಿದವರೂ ಎಡವುವ ಜಾಗವೆಂದರೆ ಮಾಳಿಗೆಯಿಂದ ಇಳಿಯುವ ಪೈಪು. ಮೊದಲ ಮಳೆಯನ್ನು ಹೊರಗೆ ಬಿಡಬೇಕೆಂಬುದು ಎಲ್ಲರಿಗೂ ಗೊತ್ತು. ಅದಕ್ಕೆಂದು ಗೋಡೆಗೆ ನಾಲ್ಕು ಇಂಚಿನ ಪಿವಿಸಿ ಪೈಪೊಂದನ್ನು ನೆಟ್ಟಗೆ ನಿಲ್ಲಿಸಿ, ತುದಿಗೆ ಮುಚ್ಚಳ ತಿರುಗಿಸುತ್ತಾರೆ. ಕೊಳೆನೀರು ಅದರಲ್ಲಿ ತುಂಬಿಕೊಂಡ ಮೇಲೆ ಒಳ್ಳೆಯ ನೀರು ತೊಟ್ಟಿಗೆ ಹರಿಯಬೇಕು. ನೋಡಲು ಜಾಣ ಉಪಾಯ. ಆದರೆ ಆ ಪೈಪಿನ ಒಂದು ಮೀಟರಿನಲ್ಲಿ ಹಿಡಿಸುವುದು 8 ಲೀಟರಿಗಿಂತ ಕಡಿಮೆ. ಮೂರು ಮೀಟರ್ ಪೈಪಿಗೆ 24 ಲೀಟರ್ ಎನ್ನಿ. 80 ಚದರ ಮೀಟರ್ ಮಾಳಿಗೆಯನ್ನು ತೊಳೆಯಲು ಒಂದರಿಂದ ಎರಡು ಮಿಲಿಮೀಟರ್ ಮಳೆ, ಅಂದರೆ 80ರಿಂದ 160 ಲೀಟರ್ ಹೋಗಲೇಬೇಕು. ಉಳಿದ ಕೊಳೆ ಕಷಾಯದ ಬಣ್ಣ ತಾಳಿ ಸೀದಾ ತೊಟ್ಟಿಗೇ ಇಳಿಯುತ್ತದೆ. ಮರಳು, ಇದ್ದಿಲು ತುಂಬಿದ ಫಿಲ್ಟರ್ ಅದನ್ನು ನುಂಗಿ ಮೂರನೆಯ ಮಳೆಗೇ ಕಟ್ಟಿಕೊಳ್ಳುತ್ತದೆ. 200 ಲೀಟರಿನ ಒಂದು ಬ್ಯಾರಲ್ ಇಟ್ಟರೆ, ಇಲ್ಲವೇ ಮನೆಯವರೇ ಎದ್ದು ತಿರುಗಿಸುವ ಒಂದು ವಾಲ್ವ್ ಹಾಕಿಸಿದರೆ ಈ ತಾಪತ್ರಯವಿಲ್ಲ. ಬಿತ್ತನೆಯ ಮಳೆಗಳಲ್ಲಿ ಮಾಳಿಗೆ ತೊಳೆದುಹೋಗಲಿ, ಉತ್ತರಿ, ಹಸ್ತ, ಚಿತ್ತಿ ಮಳೆಯ ನೀರನ್ನು ಬೇಸಿಗೆಗೆ ಹಿಡಿಯೋಣ ಎನ್ನುವುದು ಇಲ್ಲಿಗೆ ಒಪ್ಪುವ ಕ್ರಮ. ಈ ಸೀಮೆಯಲ್ಲಿ ಸೆಪ್ಟೆಂಬರಿನ ಮಳೆಯನ್ನೇ ಹೆಚ್ಚು ನಂಬಬಹುದು.

ಎಲ್ಲ ಮಾಳಿಗೆಯೂ ಯೋಗ್ಯವಲ್ಲ ಎಂಬುದನ್ನೂ ಹೇಳಬೇಕು. ಹಳೆಯ ಮಣ್ಣಿನ ಮಾಳಿಗೆಯ ನೀರು ದನಕ್ಕೆ, ಗಿಡಕ್ಕೆ ಆದೀತು, ಕುಡಿಯಲು ಆಗದು. ಕೊಪ್ಪಳದ ಹತ್ತಿರ ಗಿಣಿಗೇರಾ ಸುತ್ತಲಿನ ಊರುಗಳಲ್ಲಿ ಕಾರ್ಖಾನೆಗಳ ಕರಿ ಬೂದಿ ರಾತ್ರೋರಾತ್ರಿ ಮಾಳಿಗೆಯ ಮೇಲೆ ಕೂರುತ್ತದೆ ಎಂಬುದು ಅಲ್ಲಿನವರ ಹಳೆಯ ದೂರು. 2025ರ ಫೆಬ್ರುವರಿಯಲ್ಲಿ ಹೊಸ ಉಕ್ಕಿನ ಕಾರ್ಖಾನೆ ಬೇಡವೆಂದು ಕೊಪ್ಪಳ ಬಂದ್ ಆದಾಗ ಬೀದಿಗಿಳಿದ ಜನರ ಸಿಟ್ಟಿನ ಹಿಂದೆ ಇದ್ದದ್ದೂ ಈ ದೂಳೇ. ಅಂಥ ಕಡೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ಮಳೆನೀರು ಕುಡಿಯಿರಿ ಎನ್ನುವುದು ಬೇಜವಾಬ್ದಾರಿ. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿಗೂ ಈ ಮಾತು ಅನ್ವಯ.

ಸರಕಾರ ಇದನ್ನೆಲ್ಲ ಮಾಡಿ ನೋಡಿಲ್ಲವೇ? ನೋಡಿದೆ. ಏಕೀಕರಣದ ಸುವರ್ಣ ಮಹೋತ್ಸವದ ಹೊತ್ತಿಗೆ ‘ಸುವರ್ಣ ಜಲ’ ಎಂಬ ಹೆಸರಿನಲ್ಲಿ 23 ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಿಗೆ ಚಾವಣಿ ನೀರಿನ ತೊಟ್ಟಿ ಕಟ್ಟಿಸಲು ಹೊರಟಿತು. ಕೆಲವೇ ವರ್ಷಗಳಲ್ಲಿ ಹೆಚ್ಚಿನವು ಮೂಲೆ ಸೇರಿದವು. ಕೆಲಸ ಕಳಪೆ, ಫಿಲ್ಟರ್ ತೊಳೆಯುವವರಿಲ್ಲ, ನೀರು ಶುದ್ಧವೆಂಬ ನಂಬಿಕೆ ಶಿಕ್ಷಕರಿಗೂ ಇಲ್ಲ. ವಿನ್ಯಾಸದಲ್ಲಿ ತಪ್ಪಿತ್ತು ಎನ್ನುವುದಕ್ಕಿಂತ, ಗುತ್ತಿಗೆದಾರ ಬಿಟ್ಟುಹೋದ ಮರುದಿನದಿಂದ ಅದು ಯಾರದೂ ಆಗಿರಲಿಲ್ಲ ಎನ್ನುವುದು ಸರಿ. ಮನೆಯ ತೊಟ್ಟಿಗೆ ಆ ಕಷ್ಟವಿಲ್ಲ, ಮುಚ್ಚಳದ ಜಾಲರಿ ಹರಿದರೆ ಮನೆಯವರಿಗೇ ಕಾಣುತ್ತದೆ. ಕಾಣಲೇಬೇಕು ಕೂಡ. ಬೆಳಕು ಬಿದ್ದರೆ ಪಾಚಿ, ಸಂದು ಸಿಕ್ಕರೆ ಡೆಂಗಿ ಸೊಳ್ಳೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ತೊಟ್ಟಿ ಇಣುಕುವುದು ಸುಮ್ಮನಲ್ಲ. ತೋಟದ ಮನೆಯವರು ಕೃಷಿ ಹೊಂಡ ಇದ್ದರೆ ಎಲ್ಲ ಆಯಿತು ಎಂದುಕೊಳ್ಳುತ್ತಾರೆ. 2014ರಲ್ಲಿ ಶುರುವಾದ ಕೃಷಿಭಾಗ್ಯದ ಹೊಂಡಗಳು ಒಣಗುವ ಬೆಳೆಗೆ ಒಂದೆರಡು ಸಲ ನೀರು ಕೊಡಲು ಮಾಡಿದವು. ಬಯಲಿಗೆ ತೆರೆದ ನೀರಿನಿಂದ ಇಲ್ಲಿನ ಬಿಸಿಲು ವರ್ಷಕ್ಕೆ ಬೀಳುವ ಮಳೆಗಿಂತ ಹೆಚ್ಚು ಹೀರುತ್ತದೆ. ಮನೆಯ ಬೇಸಿಗೆ ಅದರ ಮೇಲೆ ನಿಲ್ಲದು.

ಉಳಿದ ಮುಕ್ಕಾಲು ಪಾಲು ನೀರು ಊರಿನದು. ಅದನ್ನು ಮನೆಯೊಂದು ತಾನೇ ಹುಟ್ಟಿಸಿಕೊಳ್ಳಲಾರದು. 1112ರಲ್ಲಿ ಇಟಗಿಯ ಮಹಾದೇವ ದೇವಾಲಯ ಕಟ್ಟಿಸಿದವರ ಊರಿನಲ್ಲಿ ಗುಡಿಯ ಪಕ್ಕವೇ ಪುಷ್ಕರಣಿ ಇದೆ. ಕನಕಗಿರಿಯ ನಾಯಕರ ಕಾಲದ ವೆಂಕಟಪತಿ ಬಾವಿಯ ಕೆತ್ತನೆಯ ಕಂಬಗಳು ಇವತ್ತಿಗೂ ನಿಂತಿವೆ. 2019ರಲ್ಲಿ ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಹಿರೇಹಳ್ಳದ ಮುಳ್ಳುಕಂಟಿ, ಹೂಳು ತೆಗೆದರು. ಕುಷ್ಟಗಿಯ ನಿಡಶೇಸಿ ಕೆರೆಗೂ ಜನರ ಹಣ, ಜನರ ಕೈ ಸೇರಿತು. ಸುತ್ತಲಿನ ಬಾವಿ, ಬೋರುಗಳಿಗೆ ನೀರು ಊರುವುದು ಇಂಥ ಕೆಲಸದಿಂದ. ಕೃಷ್ಣೆಯಿಂದ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಗೆ ಪೈಪಿನಲ್ಲಿ ನೀರು ತರುವ ಯೋಜನೆಯೂ ಬೇಕೇ ಬೇಕು. ಆದರೆ ಅಷ್ಟು ಉದ್ದದ ಪೈಪು ಒಂದು ಕಡೆ ಒಡೆದರೆ ಹಳ್ಳಿ ಮತ್ತೆ ಬೋರಿಗೇ ಮರಳುತ್ತದೆ.

ಈ ಊರ ನೀರಿಗೆ ಮನೆಯಲ್ಲಿ ಎಷ್ಟು ದೊಡ್ಡ ಸಂಪು ಬೇಕು ಎಂಬಲ್ಲಿ ದೊಡ್ಡವರ ಮನೆಗಳ ಲೆಕ್ಕ ಪೂರಾ ತಪ್ಪಿದೆ. ಜಲಜೀವನ ಮಿಷನ್ ಹೇಳುವ ತಲಾ 55 ಲೀಟರಿನಂತೆ ಐದು ಜನರಿಗೆ ದಿನಕ್ಕೆ 275 ಲೀಟರ್. ವಾರಕ್ಕೊಮ್ಮೆ ನಳ ಬಂದರೂ 2 ಸಾವಿರ ಲೀಟರ್ ಸಾಕು. ಕಟ್ಟಿಸುವುದು 15, 20 ಸಾವಿರದ್ದು. ನಳ ಬರುವ ಒಂದೆರಡು ತಾಸಿನಲ್ಲಿ ಅದು ತಾನಾಗಿ ತುಂಬುವುದಿಲ್ಲವಾದ್ದರಿಂದ ಲೈನಿಗೇ ಮೋಟಾರ್ ಹಚ್ಚಿ ಎಳೆಯುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದವರು ಪಂಪ್ ಹಚ್ಚಿ ಎತ್ತಿಕೊಂಡು ಕೊನೆ ಭಾಗದ ರೈತ ಬರಿ ಕಾಲುವೆ ನೋಡುತ್ತ ಕೂರುವ ಜಗಳ ಈ ಸೀಮೆಗೆ ಹೊಸದಲ್ಲ. ಓಣಿಯಲ್ಲಿ ನಡೆಯುವುದೂ ಅದೇ. ನಗರಸಭೆಯವರು ಆಗಾಗ ಬಂದು ಮೋಟಾರ್ ಕಿತ್ತುಕೊಂಡು ಹೋಗುತ್ತಾರೆ, ದಂಡ ಕಟ್ಟಿದವರು ಬಿಡಿಸಿಕೊಂಡು ಬರುತ್ತಾರೆ. ಮನೆಯ ನಕ್ಷೆ ಮಂಜೂರು ಮಾಡುವಾಗ ಸಂಪಿನ ಅಳತೆ ಎಷ್ಟು, ಮಾಳಿಗೆಯ ನೀರು ಎಲ್ಲಿಗೆ ಎಂದು ಕೇಳಿದ್ದರೆ ಈ ಓಡಾಟದ ಅರ್ಧ ಉಳಿಯುತ್ತಿತ್ತು.