ಸೂಜಿ ಹಿಡಿದ ಕೈ

ಹಚ್ಚೆಯ ಬಗ್ಗೆ ನಮ್ಮ ಜಾನಪದ ವಿದ್ವಾಂಸರು ಬರೆದದ್ದರಲ್ಲಿ ಹುಯ್ಯಿಸಿಕೊಂಡ ಕೈ ಕಾಣುತ್ತದೆ, ಹುಯ್ದ ಕೈ ಕಾಣುವುದಿಲ್ಲ. ಚೇಳು, ತೊಟ್ಟಿಲು, ರಂಗೋಲಿ ಎಳೆ ಎಂದು ಆಕೃತಿಗಳನ್ನು ವಿಂಗಡಿಸುತ್ತಾರೆ. ಸತ್ತಾಗ ಜೊತೆಗೆ ಬರುವ ಒಡವೆ ಇದೊಂದೇ ಎಂಬ ನಂಬಿಕೆಯನ್ನು ಮೆಚ್ಚಿ ಬರೆಯುತ್ತಾರೆ. ಎಲ್ಲರೂ ಹಾಗೆ ಎಂದಲ್ಲ, ನಾನು ಓದಿದ್ದರಲ್ಲಿ ಬಹುಪಾಲು ಹಾಗೆ. ಸೂಜಿ ಹಿಡಿದವಳು ಕೊರಮರವಳು ಅಥವಾ ಕಿಳ್ಳೇಕ್ಯಾತರವಳು ಎಂದು ಒಂದು ಸಾಲಿನಲ್ಲಿ ಜಾತಿ ಹೇಳಿ ಮುಂದಕ್ಕೆ ಹೋಗುತ್ತಾರೆ. ಬರೆದವಳನ್ನು ಬಿಟ್ಟು ಬರಹವನ್ನು ಓದುವ ಈ ಕ್ರಮವನ್ನು ಬರೀ ಮರೆವು ಎನ್ನಲು ನನಗೆ ಮನಸ್ಸಿಲ್ಲ.

ವಳ್ಳೂರಿನ ನಮ್ಮ ಕೇರಿಯಲ್ಲಿ ನನ್ನ ಅಜ್ಜಿಗೆ ಮೊಳಕೈಯಿಂದ ಮಣಿಕಟ್ಟಿನವರೆಗೆ ಹಚ್ಚೆ ಇತ್ತು. ಮಧುಗಿರಿ, ಪಾವಗಡ ಸೀಮೆಯ ತೆಲುಗು ಬಾಯಲ್ಲಿ ಅದು ಪಚ್ಚಬೊಟ್ಟು; ಕನ್ನಡದ ಹಚ್ಚೆಯೂ ಪಚ್ಚೆಯಿಂದಲೇ ಬಂದದ್ದು. ಸುಗ್ಗಿ ಕಳೆದ ಮೇಲೆ ಹಚ್ಚೆ ಹುಯ್ಯೋಳು ಬರುತ್ತಿದ್ದಳಂತೆ. ದೀಪದ ಕಪ್ಪನ್ನು ಸೊಪ್ಪಿನ ರಸದಲ್ಲೋ ಬಾಣಂತಿಯ ಎದೆಹಾಲಿನಲ್ಲೋ ಕಲಸಿ, ಮೂರ್ನಾಲ್ಕು ಸೂಜಿಯನ್ನು ದಾರದಲ್ಲಿ ಬಿಗಿದು ಚುಚ್ಚುವುದು, ರಕ್ತ ಒರೆಸಿ ಅರಿಸಿನ ಮೆತ್ತುವುದು. ಕೂಲಿಗೆ ರಾಗಿ, ಹಳೇ ಸೀರೆ. "ಮೊದ್ಲು ಊರೊಳಗೆ ಮುಗುಸ್ಕಂಡು ಆಮ್ಯಾಕೆ ನಮ್ ಕೇರಿಗ್ ಬರೋಳು ಕಣಪ್ಪ. ನಮ್ಗ್ ಚುಚ್ಚಿದ್ ಸೂಜಿ ತಗಂಡು ಊರೊಳಕ್ಕೆ ಹೋದ್ರೆ ಬಿಟ್ಟಾರ?" ಅಂದಿದ್ದಳು ಅಜ್ಜಿ. ಗೌಡರ ಮನೆ ಹೆಂಗಸರ ರಕ್ತ ಕಂಡ ಸೂಜಿ ನಮ್ಮ ಕೈಗೆ ಬರಬಹುದಿತ್ತು, ನಮ್ಮದು ಅತ್ತ ಹೋಗುವ ಹಾಗಿರಲಿಲ್ಲ. ಆ ಗೌಡರ ಮನೆಯಲ್ಲೂ ಅವಳು ಕೂರುತ್ತಿದ್ದುದು ಜಗಲಿಯ ಕೆಳಗೆ, ಅಂಗಳದಲ್ಲಿ. ಮನೆಯೊಡತಿಯ ಕೈ ಮಾತ್ರ ಅವಳ ತೊಡೆಯ ಮೇಲೆ. ಆ ತೊಡೆಯ ಮೇಲಿನ ಕೈಯನ್ನು ಯಾವ ವಿಮರ್ಶಕನೂ ಓದಿದ್ದು ನಾನು ಕಂಡಿಲ್ಲ.

ಹಚ್ಚೆ ಹುಯ್ಯುವಾಗಿನ ಹಾಡಿಗೂ ಇದೇ ಗತಿ. ಅದನ್ನು ಗರತಿಯ ಸಂಭ್ರಮ ಎಂದು ವಿವರಿಸುವುದುಂಟು. ಹಾಡುತ್ತಿದ್ದುದು ಸೂಜಿ ಹಿಡಿದವಳು. ಚೀರುವ ಹುಡುಗಿಯ ಗಮನ ನೋವಿನಿಂದ ಆಚೆ ಸರಿಯಲಿ ಅಂತ. ಅದು ಕಸುಬಿನ ಸಾಮಾನು, ಕಪ್ಪಿನ ಹಾಗೆ, ದಾರದ ಹಾಗೆ. ಇತ್ತ ಸಾಹಿತ್ಯದಲ್ಲಿ ಅವಳು ಕೊರವಂಜಿಯಾಗಿ ಮೆರೆದಿದ್ದಾಳೆ. ಶ್ರೀನಿವಾಸ ಕಲ್ಯಾಣದ ಕಥೆಯಲ್ಲಿ ತಿಮ್ಮಪ್ಪನೇ ಕೊರವಂಜಿ ವೇಷ ತೊಟ್ಟು ಆಕಾಶರಾಜನ ಅರಮನೆಗೆ ಹೋಗಿ ಕಣಿ ಹೇಳುತ್ತಾನೆ. 1942ರಲ್ಲಿ ರಾಶಿಯವರು ತಮ್ಮ ನಗೆಪತ್ರಿಕೆಗೆ ಆ ಹೆಸರನ್ನೇ ಇಟ್ಟರು. ವೇಷ ಅರಮನೆಯೊಳಗೆ ಹೋಯಿತು, ಹೆಸರು ಓದುಬಲ್ಲವರ ನಡುಮನೆಗೆ ಹೋಯಿತು. ಮೈ ಅಂಗಳದಲ್ಲೇ ಉಳಿಯಿತು.

ಸರ್ಕಾರ ಮಾತ್ರ ಆ ಮೈಯನ್ನು ಮರೆಯಲಿಲ್ಲ. 1871ರ ಅಪರಾಧಿ ಬುಡಕಟ್ಟು ಕಾಯ್ದೆಯನ್ನು 1911ರಲ್ಲಿ ಹೊಸದಾಗಿ ಮಾಡಿ ಮದರಾಸು ಪ್ರಾಂತ್ಯಕ್ಕೂ ಹಬ್ಬಿಸಿದರು. ಪಾವಗಡವನ್ನು ಸುತ್ತಿರುವ ಅನಂತಪುರ ಸೀಮೆ ಅಂದು ಆ ಪ್ರಾಂತ್ಯದ್ದು. ಕೊರವ, ಎರುಕಲರನ್ನು ಪಟ್ಟಿಗೆ ಹಾಕಿ, ಹಾಜರಿ ಕರೆದು, ಬೆರಳಚ್ಚು ತೆಗೆದುಕೊಂಡರು. ಕಾಯ್ದೆ ರದ್ದಾದದ್ದು 1952ರಲ್ಲಿ. ಊರೂರು ಅಲೆದು ಪರರ ಮೈಮೇಲೆ ಗುರುತು ಬರೆದವರ ಗುರುತನ್ನು ಠಾಣೆಯವರು ಮಸಿಯಲ್ಲಿ ಒತ್ತಿಸಿಕೊಂಡರು.

ನ್ಯೂಜಿಲೆಂಡಿನ ಮಾವೊರಿಗಳ ಹಚ್ಚೆ ಇಲ್ಲಿ ನೆನಪಾಗುತ್ತದೆ. ಅವರದ್ದು ಮೋಕೊ, ವಂಶಾವಳಿಯನ್ನು ಮುಖದ ಮೇಲೆ ಬರೆಯುವ ವಿದ್ಯೆ. ಹಾಕುವವನು ತೊಹುಂಗ, ಪಳಗಿದ ಗುರು. ಅವನ ಕೆಲಸಕ್ಕೆ ಮಡಿಯಿದೆ. ಬಿಳಿಯರ ಸರ್ಕಾರ 1907ರಲ್ಲಿ ತೊಹುಂಗರನ್ನು ಹತ್ತಿಕ್ಕುವ ಕಾಯ್ದೆ ತಂದಿತು, ಅದು ರದ್ದಾಗಲು 1962 ಬೇಕಾಯಿತು. ಆದರೆ ಮರಳಿ ಬಂದ ಮೋಕೊ ಕಲಾವಿದನ ಹೆಸರಿನ ಸಮೇತ ಬಂತು. ಡೆರೆಕ್ ಲಾರ್ಡೆಲ್ಲಿಯಂಥವರನ್ನು ನಾಡೇ ಬಲ್ಲದು. 2016ರಲ್ಲಿ ಗದ್ದಕ್ಕೆ ಮೋಕೊ ಹಾಕಿಸಿಕೊಂಡ ನನಾಯಾ ಮಹುತಾ 2020ರಲ್ಲಿ ವಿದೇಶಾಂಗ ಸಚಿವೆಯಾದರು. ಅಲ್ಲಿ ಮುಟ್ಟುವವನು ಪೂಜ್ಯ. ಆದ್ದರಿಂದ ಅವರ ಪುನರುಜ್ಜೀವನದ ಮಾತನ್ನು ಎತ್ತಿ ತಂದು ನಮ್ಮ ಹಚ್ಚೆಗೆ ಅಂಟಿಸಿದರೆ ನಿಲ್ಲುವುದಿಲ್ಲ. ಬೆಂಗಳೂರಿನ ಟ್ಯಾಟೂ ಅಂಗಡಿಯ ಹುಡುಗನಿಗೆ ಕಲಾವಿದ ಎಂಬ ಬಿರುದು ಸಲೀಸಾಗಿ ಸಿಕ್ಕಿದೆ, ಅದು ಬೇರೆ ಮಾತು.

ನಮ್ಮಲ್ಲೂ ತಪ್ಪಿದೆ. ದಲಿತ ವಿಮರ್ಶೆ ತಮಟೆಯನ್ನು ಪಠ್ಯವಾಗಿ ಓದಲು ಕಲಿಯಿತು, ಅಲೆಮಾರಿಯ ಸೂಜಿಯ ಕಡೆ ತಿರುಗಲಿಲ್ಲ. ಪರಿಶಿಷ್ಟರ ಪಟ್ಟಿಯಲ್ಲಿ ಕೊರಮ, ಕೊರಚರು ನಮ್ಮ ಜೊತೆಗೇ ಇದ್ದಾರೆ. ಒಳಮೀಸಲಾತಿಯ ಜಗಳದಲ್ಲಿ ಅವರನ್ನು ಸ್ಪೃಶ್ಯರು ಅನ್ನುತ್ತೇವೆ. ಕೇರಿಗೆ ಕೊನೆಗೆ ಬಂದ ಸೂಜಿಯನ್ನು ನೆನೆದರೆ ಆ ಮಾತಿಗೆ ಆಧಾರವಿದೆ. ಅಂಗಳದಲ್ಲಿ ಕೂತವಳನ್ನು ನೆನೆದರೆ ನಾಲಿಗೆ ತೊದಲುತ್ತದೆ.

ಅಜ್ಜಿಯನ್ನು ಒಮ್ಮೆ ಕೇಳಿದ್ದೆ, ನಿನಗೆ ಹುಯ್ದವಳ ಹೆಸರೇನು ಅಂತ. ಅವಳು ಕೈ ತಿರುಗಿಸಿ ನೋಡಿಕೊಂಡಳು.

"ಹೆಸ್ರು ಯಾರ್ ಕೇಳಿದ್ರಪ್ಪ. ಹಚ್ಚೆ ಹುಯ್ಯೋಳೇ ಅಂತಿದ್ವಿ, ಬರೋಳು."