ನೀರಿನ ಗೆರೆಯ ಕೆಳಗಿನ ಹಡಗು

ಸಾಗಿಸುವುದಕ್ಕಿಂತ ಹೆಚ್ಚಾಗಿ ತಂಗಿಸುವುದಕ್ಕೆಂದೇ ಕಟ್ಟಿದ ಹಡಗು ಕ್ರೂಸ್ ಹಡಗು. ರಾತ್ರಿಯಿಡೀ ನಡೆದು, ಬೆಳಗಾಗುವಷ್ಟರಲ್ಲಿ ಒಂದು ಬಂದರು ಸೇರಿ, ಜನ ಊರು ನೋಡಿ ಬಂದ ಮೇಲೆ ಸಂಜೆಗೆ ಹೊರಡುವುದು ಅದರ ದಿನಚರಿ. ಕರ್ನಾಟಕದಲ್ಲಿ ಅಂಥ ಹಡಗುಗಳು ದಕ್ಕೆಗೆ ತಾಗುವ ಜಾಗ ಪಣಂಬೂರಿನ ನವಮಂಗಳೂರು ಬಂದರು. ಇಳಿದವರು ಕದ್ರಿ, ಕುದ್ರೋಳಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿಕೊಂಡು ಹಿಂದಿರುಗುತ್ತಾರೆ. ಕೋವಿಡ್‌ನಿಂದ ನಿಂತಿದ್ದ ಈ ಬಂದುಹೋಗುವಿಕೆ ಮತ್ತೆ ಶುರುವಾದದ್ದು 2022ರ ನವೆಂಬರ್ 28ರಂದು, ‘ಎಂಎಸ್ ಯುರೋಪಾ 2’ ಬಂದಾಗ. ಅದರಲ್ಲಿದ್ದ ಪ್ರಯಾಣಿಕರು 271, ಸಿಬ್ಬಂದಿ 373.

ಭಾರತದ ಕುಟುಂಬಗಳಿಗೆ ಹೆಚ್ಚು ಪರಿಚಯವಿರುವುದು ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’. 2021ರ ಸೆಪ್ಟೆಂಬರ್‌ನಿಂದ ಅದು ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆ ಓಡಾಡಿದೆ. ಎರಡೂ ಹಡಗು ಹುಟ್ಟಿದ್ದು ಫ್ರಾನ್ಸಿನ ಸೇಂಟ್ ನಜೇರ್ ಹಡಗುಕಟ್ಟೆಯಲ್ಲೇ: ಎಂಪ್ರೆಸ್ 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ, ಯುರೋಪಾ 2 ಅದಾಗಿ 23 ವರ್ಷಕ್ಕೆ. ಮಯಾಮಿಯಿಂದ ಮೂರು-ನಾಲ್ಕು ರಾತ್ರಿಯ ಪ್ರವಾಸಕ್ಕೆಂದೇ ರೂಪಿಸಿದ ಎಂಪ್ರೆಸ್ ಮುಂಬೈಯಲ್ಲೂ ಹೆಚ್ಚುಕಡಿಮೆ ಅದೇ ಕೆಲಸಕ್ಕೆ ಒದಗಿತು.

ಎಂಪ್ರೆಸ್ 48,563 ಗ್ರಾಸ್ ಟನ್, ಯುರೋಪಾ 2 ಸುಮಾರು 42,800. ಇದು ತೂಕವಲ್ಲ, ಹಡಗಿನ ಒಳಗೆ ಮುಚ್ಚಿದ ಜಾಗ ಎಷ್ಟಿದೆ ಎಂಬುದರ ಅಳತೆ. ಹಡಗು ಬಲ್ಲವರು ಮೊದಲು ನೋಡುವುದು ಈ ಸಂಖ್ಯೆಯನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ಏನು ಬರುತ್ತದೆ ಎಂದು. ಯುರೋಪಾ 2 ಹಿಡಿಸುವುದು ಸುಮಾರು 500 ಜನರನ್ನು. ತಲೆಗೆ 80ಕ್ಕೂ ಹೆಚ್ಚು ಟನ್. ಎಂಪ್ರೆಸ್ 1,600 ಜನರನ್ನು ತುಂಬಿಕೊಂಡರೆ ತಲೆಗೆ 30ರ ಆಸುಪಾಸು. ಬಫೆಯ ಸಾಲು ಎಷ್ಟುದ್ದ, ಮೆಟ್ಟಿಲಲ್ಲಿ ನೂಕುನುಗ್ಗಲು ಎಷ್ಟು ಎಂಬುದನ್ನು ಬಣ್ಣದ ಜಾಹೀರಾತಿಗಿಂತ ಈ ಒಂದು ಭಾಗಾಕಾರ ಸರಿಯಾಗಿ ಹೇಳುತ್ತದೆ.

ಕಟ್ಟುವ ಕೆಲಸ ಉಕ್ಕಿನ ಹಾಳೆ ಕತ್ತರಿಸುವುದರಿಂದ ಶುರು. ಹಾಳೆಗಳನ್ನು ಬೆಸೆದು ಫಲಕ, ಫಲಕಗಳನ್ನು ಜೋಡಿಸಿ ನೂರಾರು ಟನ್ನಿನ ಬ್ಲಾಕ್. ಪೈಪು, ಕೇಬಲ್ ದಾರಿಗಳನ್ನು ಆದಷ್ಟೂ ನೆಲದ ಮೇಲಿರುವಾಗಲೇ ಬ್ಲಾಕಿನೊಳಗೆ ಕೂರಿಸುತ್ತಾರೆ. ಮೊದಲ ಬ್ಲಾಕನ್ನು ಡ್ರೈ ಡಾಕಿಗೆ ಇಳಿಸುವಾಗ ಅದರಡಿ ನಾಣ್ಯ ಇಡುವ ಸಂಪ್ರದಾಯ ಇಂದಿಗೂ ಉಳಿದಿದೆ. ಆಮೇಲೆ ಬ್ಲಾಕಿನ ಮೇಲೆ ಬ್ಲಾಕು. ಕೆಳಗಿನ ಉಕ್ಕು ದಪ್ಪ, ಮೇಲಕ್ಕೆ ಹೋದಂತೆ ತೆಳು. ಭಾರ ತಳದಲ್ಲಿದ್ದರೆ ಮಾತ್ರ ಅಷ್ಟೆತ್ತರದ ಹಡಗು ಅಲೆಯಲ್ಲಿ ವಾಲಿದರೂ ಮರಳಿ ನೆಟ್ಟಗೆ ನಿಲ್ಲುತ್ತದೆ. ಆದರೆ ಐದಾರು ಮಿಲಿಮೀಟರ್ ಹಾಳೆ ವೆಲ್ಡಿಂಗ್ ಬಿಸಿಗೆ ಸುಕ್ಕಾಗುತ್ತದೆ. ಅದನ್ನು ಮತ್ತೆ ಕಾಯಿಸಿ, ತಣಿಸಿ, ಸಮ ಮಾಡುವ ಕೈಗಳು ಬೇಕು. ಬಿಸಿಲು ಓರೆಯಾಗಿ ಬಿದ್ದಾಗ ಹಡಗಿನ ಪಕ್ಕೆ ಅಲೆಅಲೆಯಾಗಿ ಕಂಡರೆ ಆ ಕೆಲಸ ಅವಸರದಲ್ಲಿ ನಡೆದಿರಬಹುದು.

ಕೋಣೆಗಳು ಬೇರೆ ಕಾರ್ಖಾನೆಯಿಂದ ಪೆಟ್ಟಿಗೆಯಂತೆ ಬರುತ್ತವೆ: ಗೋಡೆ, ಕಪಾಟು, ದೀಪ, ಬಚ್ಚಲು, ಕನ್ನಡಿ ಎಲ್ಲ ಕೂಡಿಸಿದವು. ತೆರೆದಿಟ್ಟ ಪಕ್ಕೆಯಿಂದ ಅವನ್ನು ಒಳಕ್ಕೆ ಜಾರಿಸಿ, ನಡುವಣ ಕಿರಿದಾದ ಗೂಡಿನಲ್ಲಿ ನೀರು, ಗಾಳಿ, ವಿದ್ಯುತ್ತಿನ ಕೊಂಡಿ ಹಾಕಿದರೆ ಮುಗಿಯಿತು. ನಂತರ ಡಾಕಿಗೆ ನೀರು ಬಿಟ್ಟು ಹಡಗನ್ನು ತೇಲಿಸಿ, ಒಳಾಂಗಣ ಮುಗಿಸಿ, ಸಮುದ್ರದಲ್ಲಿ ಓಡಿಸಿ ಪರೀಕ್ಷಿಸುತ್ತಾರೆ.

ಬೆಂಕಿ ಹಡಗಿನ ದೊಡ್ಡ ಶತ್ರು. ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಂತೆ ಹಡಗನ್ನು ಉದ್ದಕ್ಕೂ ಬೆಂಕಿ ತಡೆಯುವ ಅಡ್ಡಗೋಡೆಗಳಿಂದ ವಿಭಾಗಿಸಬೇಕು. ಒಂದು ವಿಭಾಗ ಸಾಮಾನ್ಯವಾಗಿ 40 ಮೀಟರ್ ಮೀರುವಂತಿಲ್ಲ. 2010ರ ಜುಲೈ 1ರ ನಂತರ ಕೆಲಸ ಶುರುವಾದ ದೊಡ್ಡ ಪ್ರಯಾಣಿಕ ಹಡಗುಗಳಿಗೆ ಇನ್ನೂ ಕಟ್ಟುನಿಟ್ಟು: ನಿಯಮ ಹೇಳುವ ಮಿತಿಯೊಳಗಿನ ಬೆಂಕಿ ಅಥವಾ ನೀರು ನುಗ್ಗುವಿಕೆಯಲ್ಲಿ ಒಂದು ಎಂಜಿನ್ ಕೋಣೆ ಹೋದರೂ ಹಡಗು ತನ್ನ ಬಲದಿಂದಲೇ ಬಂದರು ಸೇರಬೇಕು. ಯುರೋಪಾ 2 ಈ ನಿಯಮದಡಿ ಬರುತ್ತದೆ, ಎಂಪ್ರೆಸ್ ಬರುವುದಿಲ್ಲ. ಎರಡರ ನಡುವೆ ಕಣ್ಣಿಗೆ ಕಾಣದ ಅತಿ ದೊಡ್ಡ ವ್ಯತ್ಯಾಸ ಇದೇ. ಬಾಲ್ಕನಿ, ಈಜುಕೊಳಗಳ ಮಾತು ಆಮೇಲಿನದು.

ಈಗಿನ ಕ್ರೂಸ್ ಹಡಗುಗಳಲ್ಲಿ ಡೀಸೆಲ್ ಎಂಜಿನ್‌ಗಳು ನೇರವಾಗಿ ಪ್ರೊಪೆಲ್ಲರ್ ತಿರುಗಿಸುವುದು ಅಪರೂಪ. ಅವು ವಿದ್ಯುತ್ ತಯಾರಿಸುತ್ತವೆ. ಆ ವಿದ್ಯುತ್ತೇ ಹಡಗಿನಡಿ ನೇತಾಡುವ, ಸುತ್ತ ತಿರುಗಬಲ್ಲ, ಪ್ರೊಪೆಲ್ಲರ್ ಹೊತ್ತ ಪಾಡ್‌ಗಳಿಗೂ ಹೋಗುತ್ತದೆ, ಎ.ಸಿ.ಗೂ ಅಡುಗೆಮನೆಗೂ ಹೋಗುತ್ತದೆ.

ನೀರಿನ ವ್ಯವಸ್ಥೆಯನ್ನು ಬಯಲುಸೀಮೆಯವರು ವಿಶೇಷವಾಗಿ ಗಮನಿಸಬೇಕು. ಸಮುದ್ರದ ನೀರನ್ನು ಒತ್ತಡ ಇಳಿಸಿದ ಪಾತ್ರೆಗೆ ಬಿಟ್ಟರೆ ಅದು ನೂರು ಡಿಗ್ರಿಗಿಂತ ಬಹಳ ಮೊದಲೇ ಕುದಿಯುತ್ತದೆ. ಅದಕ್ಕೆ ಬೇಕಾದ ಶಾಖ ಎಂಜಿನ್ ತಣಿಸಿ ಬಿಸಿಯಾದ ನೀರಿನಿಂದಲೇ ಸಿಗುತ್ತದೆ. ಹಬೆ ತಣಿದರೆ ಸಿಹಿನೀರು. ಉಳಿದದ್ದನ್ನು ಆರ್.ಒ. ಯಂತ್ರ ಕೊಡುತ್ತದೆ. ಖನಿಜ, ಕ್ಲೋರಿನ್ ಸೇರಿಸಿದ ಮೇಲೆ ಅದು ನಲ್ಲಿಗೆ ಬರುತ್ತದೆ. ನಿರ್ವಾತದಿಂದ ಎಳೆಯುವ ಶೌಚಾಲಯಕ್ಕೆ ಒಂದು ಸಲಕ್ಕೆ ಒಂದು ಲೀಟರಿನಷ್ಟು ನೀರು ಸಾಕು.

ಬಳಸಿದ ನೀರಿನ ಕಥೆ ಇನ್ನೂ ಮುಖ್ಯ. ಮಾರ್ಪೋಲ್ ಒಪ್ಪಂದ ಸಂಸ್ಕರಿಸದ ಶೌಚದ ನೀರನ್ನೂ ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ಆಚೆ ಬಿಡಲು ಅನೇಕ ಕಡೆ ಅವಕಾಶ ಕೊಡುತ್ತದೆ. ಆದರೆ ಒಳ್ಳೆಯ ಹಡಗು ಅಷ್ಟಕ್ಕೆ ತೃಪ್ತಿಪಡುವುದಿಲ್ಲ. ಬ್ಯಾಕ್ಟೀರಿಯಾಗಳಿಂದ ಕೊಳೆ ಕರಗಿಸಿ, ನೀರನ್ನು ಸೂಕ್ಷ್ಮ ಪೊರೆಗಳ ಮೂಲಕ ಸೋಸಿ, ಅತಿನೇರಳೆ ಬೆಳಕಿಗೆ ಒಡ್ಡಿದ ಮೇಲೆಯೇ ಹೊರಬಿಡುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಮೂರನೇ ಹಂತದ ಶುದ್ಧೀಕರಣ ಬೇಕೆಂದು ರೈತ ಹೋರಾಟಗಾರರು ಕೇಳುತ್ತಾ ಬಂದಿರುವುದೂ ಸ್ಥೂಲವಾಗಿ ಇದನ್ನೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಹಡಗು ಹತ್ತುವವರು ಟಿಕೆಟ್ ಕೊಳ್ಳುವ ಮುನ್ನ ಕಂಪನಿಯನ್ನು ‘ಬಳಸಿದ ನೀರನ್ನು ಹೇಗೆ ಸಂಸ್ಕರಿಸಿ ಬಿಡುತ್ತೀರಿ’ ಎಂಬ ಒಂದು ಪ್ರಶ್ನೆ ಕೇಳಿದರೆ ತಪ್ಪಿಲ್ಲ.

ಸೇವೆಯ ಹಡಗು ಇರುವುದು ನೀರಿನ ಗೆರೆಯ ಆಚೀಚೆಯ ಅಂತಸ್ತುಗಳಲ್ಲಿ. ಹಡಗಿನುದ್ದಕ್ಕೂ ಒಂದೇ ಅಗಲವಾದ ಓಣಿ. ಅದರ ಅಕ್ಕಪಕ್ಕ ಉಗ್ರಾಣ, ಲಾಂಡ್ರಿ, ಶೀತಲ ಕೋಣೆ, ಸಿಬ್ಬಂದಿಯ ಊಟದ ಮನೆ. ಪ್ರವಾಸ ಮುಗಿಯುವ ದಿನ ಬೆಳಿಗ್ಗೆ ಹಳಬರು ಇಳಿದು ಸಂಜೆಗೆ ಹೊಸಬರು ಹೊರಡುವಷ್ಟರಲ್ಲಿ ಹಾಸಿಗೆ ಬಟ್ಟೆ, ಲಗೇಜು, ತರಕಾರಿ, ಕಸ ಎಲ್ಲ ಇದೇ ದಾರಿಯಲ್ಲಿ ಓಡಾಡಬೇಕು. ಕರಾವಳಿಯ ಕನ್ನಡಿಗರೂ ದುಡಿಯುವ ಲೋಕವಿದು. ಆರು, ಒಂಬತ್ತು ತಿಂಗಳ ಕರಾರು ಸಾಮಾನ್ಯ. ಕಡಲ ಕಾರ್ಮಿಕರ ಒಪ್ಪಂದದಂತೆ 24 ಗಂಟೆಯಲ್ಲಿ ಕನಿಷ್ಠ ಹತ್ತು ಗಂಟೆ ವಿಶ್ರಾಂತಿ ಅವರ ಹಕ್ಕು. ಬಡಿಸುವವರಿಗೂ ಲೈಫ್‌ಬೋಟ್ ಹತ್ತಿರ ಒಂದು ಹೊಣೆ ಇರುತ್ತದೆ. 2012ರ ಜನವರಿ 13ರಂದು ಇಟಲಿಯಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು 32 ಜನ ಸತ್ತ ಮೇಲೆ, ಹೊಸ ಪ್ರಯಾಣಿಕರಿಗೆ ಸುರಕ್ಷತಾ ಕವಾಯತನ್ನು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಮಾಡಿಸುವುದು ಕಡ್ಡಾಯವಾಯಿತು.

ಹಡಗಿನ ಆಯಸ್ಸು ಸುಮಾರು ಮೂವತ್ತು ವರ್ಷ. ಎಂಪ್ರೆಸ್‌ನ ವಾರಗೆಯದೇ, 1990ರಲ್ಲಿ ಇಟಲಿಯಲ್ಲಿ ಮುಗಿದ ‘ಕರ್ಣಿಕಾ’ 2019ರಲ್ಲಿ ಮುಂಬೈಯಿಂದ ಪ್ರವಾಸ ಆರಂಭಿಸಿ, ಮರುವರ್ಷವೇ ಗುಜರಾತಿನ ಅಲಂಗ್ ಸೇರಿತು. ದೊಡ್ಡ ಉಬ್ಬರದಲ್ಲಿ ಅಲ್ಲಿನ ದಡಕ್ಕೆ ಹತ್ತಿಸಿದ ಹಡಗಿನಿಂದ ಮೊದಲು ಪೀಠೋಪಕರಣ, ಅಡುಗೆ ಪಾತ್ರೆ ಹೊರಬಂದು ರಸ್ತೆಬದಿಯ ಅಂಗಡಿ ಸೇರುತ್ತವೆ. ಕೇಬಲ್, ಯಂತ್ರಗಳ ನಂತರ ಉಕ್ಕಿನ ಸರದಿ, ಅದು ರೋಲಿಂಗ್ ಮಿಲ್‌ಗೆ. 2025ರ ಜೂನ್ 26ರಿಂದ ಜಾರಿಯಲ್ಲಿರುವ ಹಾಂಗ್‌ಕಾಂಗ್ ಒಪ್ಪಂದದಂತೆ ಒಡೆಯಲು ಕೊಡುವ ಹಡಗಿನ ಜೊತೆ ಅದರೊಳಗಿನ ಅಪಾಯಕಾರಿ ವಸ್ತುಗಳ ಪಟ್ಟಿಯನ್ನೂ ಕೊಡಬೇಕು. ಹೊಸ ಹಡಗುಗಳಿಗೆ ಈ ಪಟ್ಟಿ ಕಟ್ಟುವ ಹಂತದಲ್ಲೇ ತಯಾರಾಗಬೇಕು.