ಸೋಸುಪಟ್ಟಿಯ ವ್ಯಾಕರಣ: ಒಂದು ವಿಮರ್ಶೆ

ದತ್ತಸಂಚಯದ ಬ್ಯಾಕಪ್ ತೆಗೆಯುವಾಗ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂದು ಯಂತ್ರಕ್ಕೆ ತಿಳಿಸುವ ಬರಹಕ್ಕೂ ಒಂದು ವ್ಯಾಕರಣವುಂಟು. 'ಪೋಸ್ಟ್‌ಗ್ರೆಸ್‌ಕ್ಯೂಎಲ್' ದತ್ತಸಂಚಯದ ಪ್ರತಿ ತೆಗೆಯುವ 'ಪಿಜಿ ಡಂಪ್' ಎಂಬ ಸಾಧನಕ್ಕೆ ಇಂತಹ ಸೋಸುಪಟ್ಟಿಯ ಸೌಕರ್ಯ ಒದಗಿದುದು 2024ರ ಸೆಪ್ಟೆಂಬರಿನಲ್ಲಿ ಹೊರಬಂದ 17ನೆಯ ಆವೃತ್ತಿಯಲ್ಲಿ. ಅದರ ಗುಣದೋಷಗಳನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ಗುಣ. ಸಾಲಿಗೊಂದು ವಿಧಿ, ವಿಧಿಗೆ ಮೂರು ಅಂಗ: 'ಇನ್‌ಕ್ಲೂಡ್' ಅಥವಾ 'ಎಕ್ಸ್‌ಕ್ಲೂಡ್', ವಸ್ತುವಿನ ಜಾತಿ, ಅದರ ಹೆಸರು. ಕೋಷ್ಟಕವನ್ನೇ ಬಿಡುವುದಕ್ಕೂ, ಚೌಕಟ್ಟನ್ನುಳಿಸಿ ಒಳಗಿನ ದತ್ತಾಂಶವನ್ನಷ್ಟೇ ಬಿಡುವುದಕ್ಕೂ ಬೇರೆ ಬೇರೆ ಪದಗಳಿವೆ. 'ಆರ್‌ಸಿಂಕ್' ಪಟ್ಟಿಯಲ್ಲಿ ಮೊದಲು ಹೊಂದಿದ ಸಾಲು ಪ್ರಮಾಣ. 'ಗಿಟ್‌ಇಗ್ನೋರ್' ಪಟ್ಟಿಯಲ್ಲಿ ಕೊನೆಗೆ ಹೊಂದಿದ ಸಾಲು ಪ್ರಮಾಣ. ಇಲ್ಲಿ ಸಾಲುಗಳ ಕ್ರಮಕ್ಕೆ ಬೆಲೆಯಿಲ್ಲ. ಎರಡು ವಿಧಿಗಳು ಒಂದೇ ಕೋಷ್ಟಕಕ್ಕೆ ತಗುಲಿದರೆ ಬಿಡುವ ವಿಧಿಯೇ ಗೆಲ್ಲುತ್ತದೆ. ಓದುವವನಿಗೆ ಇದು ದೊಡ್ಡ ಉಪಕಾರ.

ದೋಷವನ್ನು ಒಂದು ಕಲ್ಪಿತ ನಿದರ್ಶನದಿಂದ ತೋರಿಸಬಹುದು. ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರ ಹೋಬಳಿಯ ಪಹಣಿಗಳು ಒಂದು ಕೋಷ್ಟಕದಲ್ಲಿಯೂ, ರೈತರ ದೂರವಾಣಿ ಸಂಖ್ಯೆಗಳು 'ಹಂಪಾಪುರ_ದೂರವಾಣಿ' ಎಂಬ ಇನ್ನೊಂದರಲ್ಲಿಯೂ ಇವೆಯೆನ್ನೋಣ. ಸಂಶೋಧಕರಿಗೆ ಕೊಡುವ ಪ್ರತಿಯಲ್ಲಿ ಎರಡನೆಯದು ಇರಕೂಡದು. ಗುಮಾಸ್ತನು ಬಿಡುವ ಸಾಲಿನಲ್ಲಿ 'ಹಂಪಪುರ_ದೂರವಾಣಿ' ಎಂದು ಬರೆದನು. ವಿಧಿಪದವನ್ನೇ ತಪ್ಪಿ ಬರೆದಿದ್ದರೆ ಸಾಧನವು ಸಾಲಿನ ಸಂಖ್ಯೆಯೊಡನೆ ದೋಷವನ್ನು ತೋರಿಸಿ ನಿಲ್ಲುತ್ತಿತ್ತು. ಹೆಸರಿನಲ್ಲಿ ಒಂದು ದೀರ್ಘ ತಪ್ಪಿದುದಕ್ಕೆ ಅದು ಏನನ್ನೂ ಹೇಳದು. ಸಂಖ್ಯೆಗಳೆಲ್ಲ ಪ್ರತಿಯೊಡನೆ ಹೊರಟುಹೋಗುತ್ತವೆ. 'ಸ್ಟ್ರಿಕ್ಟ್ ನೇಮ್ಸ್' ಎಂಬ ಕಟ್ಟುನಿಟ್ಟಿನ ಆಯ್ಕೆಯುಂಟು. ಆದರೆ ಅದು ಸೇರಿಸುವ ಹೆಸರುಗಳನ್ನು ಮಾತ್ರ ಪರೀಕ್ಷಿಸುತ್ತದೆ.

ಒಂದೇ ಪಟ್ಟಿಯನ್ನು ಹಲವು ದತ್ತಸಂಚಯಗಳಿಗೆ ಬಳಸುವವರಿಗೆ ಈ ಸಡಿಲಿಕೆ ಅನುಕೂಲವೆಂಬುದನ್ನು ನಾವು ಒಪ್ಪುತ್ತೇವೆ. ಕೆಲವೆಡೆ ಆ ಕೋಷ್ಟಕವೇ ಇಲ್ಲದಿರಬಹುದು. ಆದರೆ ಎರಡು ತಪ್ಪುಗಳ ತೂಕ ಒಂದೇ ಅಲ್ಲ. ಸೇರಬೇಕಾದುದು ತಪ್ಪಿಹೋದರೆ, ಮೂಲ ಉಳಿದಿರುವವರೆಗೆ ಮತ್ತೊಮ್ಮೆ ತೆಗೆಯಬಹುದು. ಹೊರಬಿದ್ದ ಗುಟ್ಟನ್ನು ಮರಳಿ ತರಲಾಗದು. ಆದುದರಿಂದ ಬಿಡುವ ಹೆಸರುಗಳಿಗೂ ಅದೇ ಪರೀಕ್ಷೆ, ಬೇಕೆಂದವರಿಗಾದರೂ, ದೊರೆಯಬೇಕೆಂಬುದು ನಮ್ಮ ಅಭಿಪ್ರಾಯ. ಅಲ್ಲಿಯವರೆಗೆ, ಸಾದಾ ಪಠ್ಯವಲ್ಲದ ರೂಪದಲ್ಲಿ ಪ್ರತಿ ತೆಗೆದು, 'ಪಿಜಿ ರಿಸ್ಟೋರ್' ಕೊಡುವ ಪರಿವಿಡಿಯನ್ನು ಓದಿ ನೋಡಿದ ಮೇಲೆಯೇ ಅದನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ಲೇಸು.